ಹೊಗಿ ಬರದ ರಿಯಾಕ್ಟರ್

ಖರೇ ಹೇಳತೀನಿ, ಅವತ್ತು ಬಿಂದುಮಾಧವ ಸಾಹೇಬ್ರ ಕುತ್ತಿಗಿ ಹಿಚುಕಬೇಕು ಅನ್ನಿಸಿತ್ತು. ರಾಂಜಣಗಾಂವದ ನಮ್ಮ ಫ್ಯಾಕ್ಟರಿಗೆ ಅವರು ಮ್ಯಾನೇಜರ್, ನಾ ಕೆಮಿಸ್ಟ್. ಎರಡು ಸಾವಿರದ ಮೂರನೇ ಇಸವಿ. ನೋವಿನ ಗುಳಿಗಿಗೆ ಬೇಕಾಗೂ ಕಚ್ಚಾ ಮಾಲು ಮಾಡತಿದ್ವಿ. ಅದಕ್ಕ ಹಾಕೂ ಕ್ಲೋರೈಡ್ ಪುಡಿ ಅಂದ್ರ ಶನಿ. ಡ್ರಮ್ಮಿನ ಬಾಯಿ ತೆಗದ್ರ ಸಾಕು, ಆಸಿಡ್ ಹೊಗಿ ಮಾರಿಗೆ ಹೊಡೀತಿತ್ತು.

ಆ ಹೊಗಿ ಎಲ್ಲಾರಕಿಂತ ಹೆಚ್ಚು ಕುಡದಾಂವ ಹಣಮಂತ್ರಾಯ ಕಾಕಾ. ಯಾದಗಿರಿ ಕಡೆಯಾಂವ, ಗುತ್ತಿಗಿ ಆಳುಗಳೊಳಗ ಹಿರ್ಯಾ. ನಾಕು ಮೆಟ್ಟಲಾ ಹತ್ತಿದ್ರ ಉಸಿರು ಸಿಗತಿದ್ದಿಲ್ಲ ಅವಗ. ದಿನಾ ಅದನ್ನ ನೋಡಿ ನೋಡಿ ನನಗ ತಡೀಲಿಲ್ಲ.

ಅದಕ್ಕ ಹಟಾ ಹಿಡದು ಬ್ಯಾರೆ ದಾರಿ ಹುಡುಕಿದೆ: ಹದಾ ಮಾಡಿದ ಜೇಡಿಮಣ್ಣಿನ ಕಾಳು. ಉಕ್ಕಿನ ಕೊಳವಿಯೊಳಗ ಕಾಳು ತುಂಬಿ, ರಿಯಾಕ್ಟರಿನ, ಅಂದ್ರ ಮಾಲು ಕುದಿಸೂ ದೊಡ್ಡ ಉಕ್ಕಿನ ಹಂಡೇದ, ರಸಾ ಪಂಪಿಲೆ ಅದರೊಳಗ ಹಾಯಿಸಿ ತಿರಗಿ ತರೂದು. ರಸಾ ಮಣ್ಣಿಗೆ ತಾಗಿದಾಗಷ್ಟೇ ಕೆಲಸ ಆಗತದ. ಹೊಗಿ ಇಲ್ಲ, ಆಸಿಡ್ ನೀರಿಲ್ಲ, ಅದೇ ಮಣ್ಣು ಮತ್ತ ಮತ್ತ ಬಳಸಲಿಕ್ಕೆ ಬರ್ತದ. ಸಾಹೇಬ್ರ ತಲಿ ತಿಂದು ತಿಂದು ಒಂದೇ ಒಂದು ಟ್ರಯಲ್ ಇಸಗೊಂಡೆ.

"ಕೆಟ್ರ ಹಳೇ ಪುಡಿನ, ಅನುಸೂಯಾ. ಮತ್ತ ಈ ಮಾತು ಎತ್ತಬಾರ್ದು," ಅಂದ್ರು.

ಟ್ರಯಲ್ ದಿನ ಮುಂಜಾನೆ ಎಲ್ಲಾ ಚಲೋನ ನಡದಿತ್ತು. ಕಾಕಾನ್ನ ರಿಯಾಕ್ಟರ್ ಮುಂದ ನಿಲ್ಲಿಸಿ, ಸ್ಯಾಂಪಲ್ ನೋಡಲಿಕ್ಕೆ ಲ್ಯಾಬಿಗೆ ಹೋದೆ. ತಿರಗಿ ಬರೂದ್ರಾಗ ಕಾವಿನ ಮುಳ್ಳು ಕೆಂಪು ಗೆರಿ ದಾಟಿತ್ತು. ಅಯ್ಯ ಶಿವನೇ! ರಿಯಾಕ್ಟರ್ ಗುಡುಗುಡು ಅನ್ನಲಿಕ್ಕೆ ಹತ್ತಿತ್ತು. ನೋಡತೀನಿ, ರಿಯಾಕ್ಟರಿಗೆ ಕಾವು ಕೊಡೂ ಉಗಿ ವಾಲ್ವ್ ಪೂರಾ ತೆರದದ! ಓಡಿ ಬಂದ್ ಮಾಡಿದೆ. ಆದ್ರೂ ಮುಳ್ಳು ಏರತಾನ ಇತ್ತು.

"ಎಲ್ಲಾ ಕೆಳಗಿನ ನೀರಿನ ಟಾಕಿಗೆ ಬಿಡ್ರೋ!" ಸಾಹೇಬ್ರು ಬಾಗಲದಾಗ ನಿಂತು ಚೀರಿದ್ರು.

ಬಿಟ್ರ ಮಾಲೂ ಹೋತು, ಟ್ರಯಲ್ಲೂ ಹೋತು. "ಬ್ಯಾಡ್ರಿ! ಪಂಪ್ ಬಂದ್ ಮಾಡ್ರಿ! ರಸಾ ಮಣ್ಣಿಗೆ ತಾಗೂದು ನಿಂತ್ರ ಕಾವೂ ನಿಲ್ತದ!" ಅಂತ ನಾ ಒದರಿದೆ.

ಪಂಪಿನ ಬಟನ್ ಇದ್ದದ್ದು ರಿಯಾಕ್ಟರಿನ ಹೊಟ್ಟಿ ಕೆಳಗ. ಒಬ್ರೂ ಮಿಸುಕಲಿಲ್ಲ. ನಾನೂ ನಿಂತಲ್ಲೇ ನಿಂತಿದ್ದೆ. ಅಷ್ಟರಾಗ ಕಾಕಾ ತಲಿ ಬಗ್ಗಿಸಿ ಕೆಳಗ ನುಗ್ಗಿದಾ. ಪಂಪಿನ ಸಪ್ಪಳ ನಿಂತಿತು. ಎಲ್ಲಾರ ಕಣ್ಣೂ ಮುಳ್ಳಿನ ಮ್ಯಾಲೆ. ಅದು ಅಲ್ಲೇ ನಡಗಿಕೋತ ನಿಂತು, ಆಮ್ಯಾಲೆ ಸಾವಕಾಶ ಇಳೀತು.

"ನೋಡಿದ್ಯಾ ನಿನ್ನ ಮಣ್ಣಿನ ಹಣೇಬಾರಾ? ನಾಳಿಂದ ಪುಡಿ!" ಸಾಹೇಬ್ರು ಆಗಲೇ ಹೆಡ್ ಆಫೀಸಿಗೆ ಫೋನ್ ಹಚ್ಚಲಿಕ್ಕೆ ಹೊಂಟಿದ್ರು.

ಉಗಿ ಬಿಟ್ಟಾಂವ ಯಾರಂತ ನನಗ ತಿಳದಿತ್ತು. ಹೇಳಿದ್ರ ಕಾಕಾನ ಕೆಲಸ ಹೋಗತದ. ಹೇಳದಿದ್ರ ಆ ಹಾಳ ಹೊಗಿ ಅವನ್ನ ತಿಂದು ಹಾಕತದ.

"ಸಾಹೇಬ್ರ, ಉಗಿ ನಾ ಬಿಟ್ಟೀನ್ರಿ," ಅಂದಾ ಕಾಕಾ, ಏದುಸಿರು ಬಿಡಕೋತ. "ಇಷ್ಟು ವರ್ಷ ಕಣ್ಣು ಉರದ್ರ ಒಳಗ ರಸದ ಕೆಲಸ ಚಾಲೂ ಆಗೇದ ಅಂತ ತಿಳೀತಿತ್ರಿ. ಇವತ್ತ ಕಣ್ಣೂ ಉರೀಲಿಲ್ಲ, ಹೊಗಿನೂ ಬರಲಿಲ್ಲ. ಇನ್ನೂ ಚಾಲೂನ ಆಗಿಲ್ಲ ಅಂತ ತಿಳದು ಕಾವು ಏರಿಸಿದೆ. ಅಕ್ಕಾರ ಮಣ್ಣಿಂದು ಏನೂ ತಪ್ಪಿಲ್ಲರಿ."

ಸಾಹೇಬ್ರು ಫೋನ್ ಕೆಳಗಿಟ್ರು. "ಹೆಲ್ಮೆಟ್ ಇಟ್ಟು ನಡಿ. ನಾಳಿಂದ ಬರಬ್ಯಾಡ."

ನನಗ ಸಿಟ್ಟು ನೆತ್ತಿಗೇರಿತು. "ಜೀವದ ಹಂಗು ಬಿಟ್ಟು ಒಳಗ ಹೋದಾಂವ ಅಂವ! ನೀವು ಬಾಗಲದಾಗ ನಿಂತಿದ್ರಿ! ಅವನ್ನ ಕಳಸೂದಿದ್ರ ನನ್ನೂ ಕಳಸ್ರಿ!"

"ಸುಮ್ಮಿರ್ರಿ ಅಕ್ಕಾರ," ಅಂದಾ ಕಾಕಾ. "ನೀವೂ ಹ್ವಾದ್ರ ನಾಳಿಗೇ ಆ ಪುಡಿ ತರ್ತಾರ. ಒಳಗ ನಮ್ಮ ಮಂದಿ ಅದಾರ್ರಿ."

ಕಾಕಾ ಹೆಲ್ಮೆಟ್ ಟೇಬಲ್ ಮ್ಯಾಲಿಟ್ಟು, ನಡುನಡುವ ನಿಂತು ಉಸಿರು ತಗೋತ, ಗೇಟಿನ ಕಡೆ ಹೋದಾ. ತಡಕೊಳ್ಳಲಿಕ್ಕೆ ಆಗದ ಎಲ್ಲಾರ ಮುಂದ ಅತ್ತಬಿಟ್ಟೆ.

"ಮುಂದ ಏನ್ ಮಾಡೂದು?" ಸಾಹೇಬ್ರ ದನಿ ಮೆತ್ತಗಾಗಿತ್ತು.

ಅವರ ಮಾರಿ ನೋಡಲಿಲ್ಲ. ಕಣ್ಣು ಒರಸಿಕೊಂಡು ರಿಯಾಕ್ಟರಿನ ಕೆಳಗ ಹೋಗಿ ಪಂಪ್ ಚಾಲೂ ಮಾಡಿದೆ.