ಖಾಲಿ ಕೆನ್ನೆ

ನಮ್ಮ ಸನಾ ನಗರದಲ್ಲಿ ಊಟವಾದ ಮೇಲೆ ಗಂಡಸರ ಕೆನ್ನೆ ಖಾಲಿ ಇರುವುದಿಲ್ಲ. ಖಾತ್ ಎಂಬ ಅಮಲಿನ ಎಲೆಯನ್ನು ಕೆನ್ನೆಯಲ್ಲಿ ತುಂಬಿಕೊಂಡು ಜಗಿಯುತ್ತ ಕೂತರೆ ಎಂಥ ಚಿಂತೆಯೂ ಗಳಿಗೆ ಹೊತ್ತು ದೂರ ನಿಲ್ಲುತ್ತದೆ. ಸಂಜೆಗೆ ಎರಡರಷ್ಟಾಗಿ ಬಂದು ಎದೆಯ ಮೇಲೆ ಕೂರುತ್ತದೆ. ಗೊತ್ತಿದ್ದೂ ಜಗಿಯುತ್ತೇವೆ, ಕತ್ತೆಗಳು ನಾವು.

ತಂಗಿ ತಖಿಯ್ಯಾ ಬೆಳಿಗ್ಗೆಯೇ ಬಂದು ನನ್ನ ಕೈ ಹಿಡಿದುಕೊಂಡಳು. ಅವಳ ಮಗ ಸುಹೈಲ್‌ನನ್ನು ಸೆರೆಹಿಡಿದು ಏಳು ತಿಂಗಳಾಗಿತ್ತು. ಅಂದಿನಿಂದ ಗಂಡ ಮುತಹ್ಹರ್ ಜಗಿದದ್ದಕ್ಕೆ ಲೆಕ್ಕವಿಲ್ಲ.

"ಅಣ್ಣಾ, ಇನ್ನು ಎಲೆ ಮುಟ್ಟಿದ್ರೆ ಎದೆ ತಡ್ಕೊಳ್ಳಲ್ಲ ಅಂದ್ಬಿಟ್ರು ಡಾಕ್ಟ್ರು. ಮನೇಲಿ ಒಬ್ರೇ ಕೂತ್ರೆ ಹುಚ್ಚು ಹಿಡಿಯತ್ತೆ. ನಿನ್ನ ಹತ್ರಾನೇ ಕಳಿಸ್ತೀನಿ. ಬರೀ ನೀರು ಕುಡಿಸು."

"ನನಗೆ ಬಿಡು," ಎಂದೆ.

ಮಧ್ಯಾಹ್ನ ಮುತಹ್ಹರ್ ಬರಿಗೈಯಲ್ಲಿ ಬಂದು, ನೆರೆಹೊರೆಯವರೆಲ್ಲ ಸೇರಿ ಜಗಿಯುವ ನಮ್ಮ ಮೇಲಂತಸ್ತಿನ ಕೋಣೆಯಲ್ಲಿ ನನ್ನೆದುರು ಕೂತ. ನೀರಿನ ಲೋಟ ಹಿಡಿದ ಕೈ ನಡುಗುತ್ತಿತ್ತು.

"ಏನಯ್ಯಾ, ಹಲ್ಲು ಕೀಳಿಸ್ಕೊಂಡ್ಯಾ?" ಪಕ್ಕದ ಮನೆಯ ಹಮೂದ್ ಛೇಡಿಸಿದ.

"ನಗಪ್ಪ ನಗು. ನಾಳೆ ನೀನೂ ಬಿಡ್ತೀಯ," ಎಂದ ಮುತಹ್ಹರ್.

ಬಿಡುತ್ತೇವೆಂದು ಎಲ್ಲರೂ ಆಣೆ ಮಾಡಿದೆವು, ಬಾಯಿತುಂಬ ಎಲೆ ಇಟ್ಟುಕೊಂಡೇ. ಆ ಹೊತ್ತಿನಲ್ಲಿ ದಿನಾ ಮಾಡುವ ಆಣೆ ಅದು.

ಅಷ್ಟರಲ್ಲಿ ಹಮೂದ್‌ನ ಫೋನಿಗೆ ಬಿಡುಗಡೆಯಾಗುವ ಕೈದಿಗಳ ಪಟ್ಟಿ ಬಂತು. ಅವನು ಒಮ್ಮೆ ಓದಿದ. ಕೆಳಗಿನಿಂದ ಮೇಲಕ್ಕೆ ಮತ್ತೊಮ್ಮೆ ಓದಿದ.

"ಸುಹೈಲ್ ಹೆಸರಿಲ್ಲ ಕಣಪ್ಪ."

ಮುತಹ್ಹರ್ ನನ್ನನ್ನೇ ನೋಡಿದ. ಏನಾದರೂ ಹೇಳಬೇಕಿತ್ತು. ಮಗ ಬಂದೇ ಬರುತ್ತಾನೆ ಎಂದು ಎಷ್ಟು ಸಲ ಹೇಳಿದ್ದೆನೋ, ಇನ್ನೊಂದು ಸಲ ಹೇಳಲು ನಾಲಿಗೆ ಏಳಲಿಲ್ಲ.

ನಮ್ಮಲ್ಲಿ ಒಂದು ರೂಢಿಯಿದೆ. ಮನಸ್ಸಿಗೆ ಬೇಕಾದವರಿಗೆ ನಮ್ಮ ಎಲೆಯ ಕಟ್ಟಿನಿಂದ ಎಳೆಯ ಕುಡಿ ಆರಿಸಿ ಎಸೆಯುತ್ತೇವೆ. ಎಸೆದದ್ದನ್ನು ಯಾರೂ ಹಿಂತಿರುಗಿಸುವುದಿಲ್ಲ. ನಲವತ್ತು ವರ್ಷದಿಂದ ಎಸೆಯುತ್ತಿರುವ ಕೈ, ನನ್ನನ್ನು ಕೇಳದೆಯೇ ಎಸೆದುಬಿಟ್ಟಿತು.

ಕುಡಿ ಅವನ ಮಡಿಲಲ್ಲಿ ಬಿತ್ತು. ಎದ್ದು ಹೋಗಿ ಕಸಿದುಕೊಳ್ಳಬಹುದಿತ್ತು. ನಾನು ಏಳಲಿಲ್ಲ. ಅವನು ಎಲೆಗಳನ್ನು ಒಂದೊಂದಾಗಿ ಬಿಡಿಸಿ ಬಾಯಿಗಿಟ್ಟ. ಸ್ವಲ್ಪ ಹೊತ್ತಿಗೆ ಕೈ ನಡುಗುವುದು ನಿಂತಿತು. ದೇವರೇ, ಅದನ್ನು ಕಂಡು ನನಗೆ ಸಮಾಧಾನವೂ ಆಯಿತು.

ನನ್ನ ಫೋನ್ ರಿಂಗಾಯಿತು. ತಂಗಿ.

"ಪಟ್ಟಿ ವಿಷಯ ಗೊತ್ತಾಯ್ತು ಅಣ್ಣಾ. ಅಳೋದು ಆಮೇಲೆ ಅಳ್ತೀನಿ. ಅವ್ರು ಬರೀ ನೀರು ಕುಡೀತಿದಾರೆ ತಾನೆ?"

ಎದುರಿಗೆ ಮುತಹ್ಹರ್ ಕಣ್ಣುಮುಚ್ಚಿ, ಅಂಗೈಯಿಂದ ಎದೆ ಒತ್ತಿಕೊಂಡು ಜಗಿಯುತ್ತಿದ್ದ. ನನ್ನ ಬೆರಳುಗಳು ಕಟ್ಟಿನಲ್ಲಿ ಇನ್ನೊಂದು ಎಳೆಯ ಕುಡಿ ಹುಡುಕುತ್ತಿದ್ದವು.

"ಹೂಂ ಕಣಮ್ಮ, ಬರೀ ನೀರು," ಎಂದೆ.

ಅವಳು ಫೋನ್ ಇಟ್ಟುಬಿಟ್ಟಳು. ಬಾಯಿತುಂಬ ಎಲೆ ಇಟ್ಟುಕೊಂಡೇ ಹಾಗೆಂದದ್ದು ಅವಳಿಗೆ ಕೇಳಿಸಿರಬೇಕು.