ಲೆಕ್ಕದ ಮೂರನೆಯ ಭಾಗ

"ಈಗ ಹಗ್ಗ ಕತ್ತರಿಸು," ಎಂದು ಶ್ರೀನಿವಾಸಪ್ಪ ಮೇಷ್ಟ್ರು ಸೀಮೆಸುಣ್ಣ ಮುಂದೆ ಮಾಡಿದರು.

ಗಂಗರತ್ನ ಕೈ ಚಾಚಲಿಲ್ಲ. ಕರಿಹಲಗೆಯ ಮೇಲೆ ಅವಳೇ ಎಳೆದ ಚೌಕವಿತ್ತು. ಚೌಕದೊಳಗೆ ಕಡ್ಡಿಯಂಥ ಒಬ್ಬ ಮನುಷ್ಯ. ಚೌಕದ ನೆತ್ತಿಯಿಂದ ಹಲಗೆಯ ಮೇಲಂಚಿನವರೆಗೆ ಒಂದು ನೇರ ಗೆರೆ. ಅರವತ್ತು ಕಿಲೋ ಮನುಷ್ಯ ಒಂದೇ ವೇಗದಲ್ಲಿ ಗಣಿಯೊಳಕ್ಕೆ ಇಳಿಯುವ ಕೇಜಿನಲ್ಲಿ ನಿಂತರೆ ಅವನ ತೂಕ ಎಷ್ಟೆಂದು ತೋರುತ್ತದೆ? ಐನೂರ ಎಂಬತ್ತೆಂಟು ನ್ಯೂಟನ್. ಕೇಜು ಇಳಿಯುತ್ತ ಪ್ರತಿ ಸೆಕೆಂಡಿಗೆ ಎರಡು ಮೀಟರಿನಷ್ಟು ವೇಗ ಹೆಚ್ಚಿಸಿಕೊಂಡರೆ? ನಾನೂರ ಅರವತ್ತೆಂಟು. ಎರಡನ್ನೂ ಎಲ್ಲೂ ಅಳಿಸದೆ ಬರೆದಿದ್ದಳು. ಮೂರನೆಯ ಭಾಗಕ್ಕೆ ಒಂದು ಸಾಲು ಸಾಕು. ಹಗ್ಗ ತುಂಡಾದರೆ?

"ಅವ್ಳು ಬರಿಯಲ್ಲ ಸಾರ್," ಹಿಂದಿನ ಬೆಂಚಿನಿಂದ ಪೆರುಮಾಳ್ ಹೇಳಿದ. "ಅವ್ರಪ್ಪ ಒಳಗವ್ರೆ."

ತರಗತಿ ನಕ್ಕಿತು. ನಗದೆ ಉಳಿದವರು ಕೆ.ಜಿ.ಎಫ್.ನಿಂದ ಬೆಳಗಿನ ರೈಲಿನಲ್ಲಿ ಬರುವ ನಾಲ್ಕೈದು ಮಂದಿ. ಒಳಗೆ ಎಂದರೆ ಗಣಿಯ ಒಳಗೆ ಎಂಬುದು ಬಂಗಾರಪೇಟೆಯ ಹುಡುಗರಿಗೂ ಗೊತ್ತಿತ್ತು. ಆದರೆ ಅವರ ಅಪ್ಪಂದಿರು ಆ ಹೊತ್ತಿನಲ್ಲಿ ಮಂಡಿಯಲ್ಲೋ ಹೊಲದಲ್ಲೋ ನೆಲದ ಮೇಲೆಯೇ ಇದ್ದರು.

ಮೇಷ್ಟ್ರು ತಾವೇ ಗೆರೆಯ ಮೇಲೆ ಅಡ್ಡ ಗೀಟು ಹಾಕಲು ಕೈ ಎತ್ತಿದರು. ಗಂಗರತ್ನ ಡಸ್ಟರು ತೆಗೆದುಕೊಂಡು ಚಿತ್ರವನ್ನೆಲ್ಲ ಒರೆಸಿಬಿಟ್ಟಳು. ಒರೆಸಿ, ಹೋಗಿ ಕೂತಳು.

ಗಂಟೆ ಹೊಡೆದ ಮೇಲೆ ಅವರು ಅವಳನ್ನು ಕರೆಸಿದರು. ಮೇಜಿನ ಮೇಲೆ ಅವಳ ಎರಡು ಪರೀಕ್ಷೆಗಳ ಉತ್ತರಪತ್ರಿಕೆ ಬಿಡಿಸಿಟ್ಟಿದ್ದರು. ಎರಡರಲ್ಲೂ ಅದೇ ಜಾಗ ಖಾಲಿ.

"ಪುಸ್ತಕದಲ್ಲಿ ಇರೋದು ಲಿಫ್ಟು. ನಿಮಗೆ ಹತ್ತಿರವಾಗಲಿ ಅಂತ ಕೇಜು ಮಾಡಿದವನು ನಾನು. ನನ್ನದೇ ತಪ್ಪು ಅಂತಿಟ್ಟುಕೋ. ಈಗ ಮನುಷ್ಯನನ್ನು ತೆಗೆದು ಇಟ್ಟಿಗೆ ಇಡೋಣ. ಹಗ್ಗ ಹರೀತು. ಇಟ್ಟಿಗೆ ತೂಕ?"

"ಸೊನ್ನೆ ಸಾರ್. ಇಟ್ಟಿಗೇನೂ ಬೀಳ್ತಿರ್ತದೆ, ಕೇಜಿನ ನೆಲಾನೂ ಬೀಳ್ತಿರ್ತದೆ. ಒಂದು ಇನ್ನೊಂದನ್ನ ಒತ್ತಲ್ಲ."

"ಗೊತ್ತಿದೆ ನಿನಗೆ!" ಮೇಷ್ಟ್ರ ದನಿಯಲ್ಲಿ ಸಿಟ್ಟಿತ್ತು. "ಬೋರ್ಡ್ ಪರೀಕ್ಷೆಯಲ್ಲಿ ಇಟ್ಟಿಗೆ ಕೊಡಲ್ಲಮ್ಮ. ವರ್ಷ ವರ್ಷ ಮನುಷ್ಯನೇ ಬರ್ತಾನೆ. ಇದು ಬಿಟ್ಟರೆ ಐದು ಮಾರ್ಕು. ಇಂಜಿನಿಯರಿಂಗ್ ಸೀಟು ಒಂದು ಮಾರ್ಕಿಗೆ ತಪ್ಪಿದ್ದು ನೋಡಿದ್ದೀನಿ. ನೀನು ಇಲ್ಲಿ ಬರೆದರೆ ಅಲ್ಲಿ ಹಗ್ಗ ಹರಿಯುತ್ತೇನು?"

"ಇಲ್ಲ ಸಾರ್."

"ಮತ್ತೆ?"

"ನಮ್ಮಮ್ಮ ದಾರ ಕತ್ರಿಸಲ್ಲ ಸಾರ್," ಎಂದಳು.

ಅವರಿಗೆ ಅರ್ಥವಾಗಲಿಲ್ಲ. ಅವಳೂ ಬಿಡಿಸಿ ಹೇಳಲಿಲ್ಲ. ಕೆ.ಜಿ.ಎಫ್.ನ ಊರಿಗಾಂನಲ್ಲಿ, ಗಣಿ ಕಾರ್ಮಿಕರ ಆ ಲೈನುಮನೆಗಳಲ್ಲಿ ಯಾರೂ ಅದನ್ನು ಬಿಡಿಸಿ ಹೇಳುತ್ತಿರಲಿಲ್ಲ. ಗಂಡಸು ಪಾಳಿಗೆ ಇಳಿದ ಮೇಲೆ ಮನೆಯಲ್ಲಿ ಕತ್ತರಿ ಮುಟ್ಟುವ ಹಾಗಿಲ್ಲ. ಹೂ ಕಟ್ಟಿದ ನಾರು ಹರಿಯುವ ಹಾಗಿಲ್ಲ. ಹಗ್ಗ ತುಂಡಾಯಿತು ಎಂಬ ಮಾತು, ಅದು ಬಟ್ಟೆ ಒಣಹಾಕುವ ಹಗ್ಗವೇ ಆಗಲಿ, ಬಾಯಿಂದ ಬರುವ ಹಾಗಿಲ್ಲ. ಗಂಗರತ್ನಳ ತಾಯಿ ಅಶ್ವತ್ಥಮ್ಮ ರವಿಕೆ ಹೊಲಿಯುತ್ತಿದ್ದಳು. ಕೊನೆಯ ಹೊಲಿಗೆ ಬೆಳಿಗ್ಗೆಯೇ ಮುಗಿದಿದ್ದರೂ ದಾರ ಕತ್ತರಿಸುತ್ತಿರಲಿಲ್ಲ. ಮೊದಲ ಪಾಳಿ ಮುಗಿಸಿ ಗಂಡ ಕೋದಂಡಪ್ಪ ಹೊಸ್ತಿಲು ದಾಟುವವರೆಗೆ ಸೂಜಿ ರವಿಕೆಯ ಅಂಚಿನಿಂದ ತೂಗುತ್ತಿರುತ್ತಿತ್ತು.

ಗಂಗರತ್ನಳಿಗೆ ಭೌತಶಾಸ್ತ್ರದ ಲೆಕ್ಕವೆಂದರೆ ಹಸಿದಾಗಿನ ಊಟದಷ್ಟು ಇಷ್ಟ. ಲೆಕ್ಕ ಶುರುವಾಗುವುದೇ ಬಿಡುವುದರಿಂದ. ಗಾಳಿಯನ್ನು ಬಿಡಿ. ಘರ್ಷಣೆಯನ್ನು ಬಿಡಿ. ಹಗ್ಗದ ತೂಕವನ್ನು ಬಿಡಿ. ಬಿಡುತ್ತ ಹೋದಂತೆ ಜಗತ್ತು ಹಗುರವಾಗಿ, ಕೊನೆಗೆ ಮೂರು ಅಕ್ಷರ ಮತ್ತು ಒಂದು ಸಮಚಿಹ್ನೆ ಉಳಿಯುತ್ತಿತ್ತು. ಗಣಿಯ ದೊಡ್ಡ ಉರುಳೆಗೆ ಸುತ್ತಿದ ಉಕ್ಕಿನ ಹಗ್ಗವನ್ನು ಅವಳು ನೋಡಿದ್ದಳು, ಮುಂಗೈಯಷ್ಟು ದಪ್ಪ. ಅದರ ತೂಕವನ್ನು ಅವಳು ಸಲೀಸಾಗಿ ಬಿಡುತ್ತಿದ್ದಳು. ಒಳಗಿನ ಕಡ್ಡಿ ಮನುಷ್ಯನನ್ನು ಮಾತ್ರ ಬಿಡಲು ಆಗುತ್ತಿರಲಿಲ್ಲ. ಕೇಜು ಜಾರಿದ ಕ್ಷಣ ಹೊಟ್ಟೆ ಗಂಟಲಿಗೆ ಬರುತ್ತದೆ ಎಂದು ಅಪ್ಪ ಒಮ್ಮೆ ಹೇಳಿದ್ದ. ಎರಡನೆಯ ಭಾಗ ಮಾಡಿದಾಗಲೆಲ್ಲ ಅವಳಿಗೆ ಆ ಹೊಟ್ಟೆ ನೆನಪಾಗುತ್ತಿತ್ತು.

ಮಧ್ಯಾಹ್ನದ ರೈಲಿನಲ್ಲಿ ಪೆರುಮಾಳ್ ಎದುರಿಗೆ ಬಂದು ಕೂತ. ಅವನೂ ಅವಳದೇ ಲೈನಿನವನು. ಅವನಪ್ಪ ಆರುಮುಗಂ ಗಣಿಯಲ್ಲಿ ಕೋದಂಡಪ್ಪನ ಜೊತೆಯವನು. ಹೊಸ ವರ್ಷದಿಂದ ಮಾತ್ರ ಪಾಳಿ ಬೇರೆಯಾಗಿತ್ತು.

"ಐದು ಮಾರ್ಕು ಕಣೇ. ಸೀಟು ಓಗ್ತದೆ."

"ಓದ್ರೆ ಓಗ್ಲಿ."

"ಸುಮ್ನೆ ಅಂತೀಯ. ಸೀಟು ಓದ್ರೆ ಮೂರು ದಿನ ಅಳ್ತೀಯ. ನನ್ನ ನೋಡು, ನಾನು ಬರೀತೀನಿ. ಬರ್ದು ಪಕ್ಕಕ್ಕೆ ತೂ ಅಂತೀನಿ. ನಮ್ಮಪ್ಪ ಎಂಗವ್ರೆ? ಕಲ್ಲುಗುಂಡು."

"ನಿಮ್ಮಪ್ಪಂದು ಎರಡ್ನೇ ಪಾಳಿ ಕಣೋ. ನೀನು ಬರೆಯೋವಾಗ ಅವ್ರು ಮನೇಲಿ ಗೊರಕೆ ಒಡೀತಿರ್ತಾರೆ. ಸಾಯಂಕಾಲ ಬರಿ, ನೋಡಾಣ."

ಪೆರುಮಾಳ್ ಕಿಟಕಿಯಾಚೆ ನೋಡಿದ. ಕೋರಮಂಡಲ್ ನಿಲ್ದಾಣ ಬಂದು ಹೋಯಿತು.

"ಸಾಯಂಕಾಲ ನಾನು ಕೆಮಿಸ್ಟ್ರಿ ಓದ್ತೀನಿ," ಎಂದ.

ಮನೆಯ ಮೆಟ್ಟಿಲ ಮೇಲೆ ಅಶ್ವತ್ಥಮ್ಮ ಅಕ್ಕಿ ಆರಿಸುತ್ತಿದ್ದಳು. ಗೋಡೆಯ ಮೊಳೆಗೆ ಹಸಿರು ರವಿಕೆ, ಅದರಿಂದ ಸೂಜಿ. ರವಿಕೆ ಪೆರುಮಾಳನ ತಾಯಿ ಮಾರಿಯಮ್ಮನದು. ಒಯ್ಯಲು ಬಂದ ಅವನು ಕೇಳದೆಯೇ ಮೆಟ್ಟಿಲ ತುದಿಯಲ್ಲಿ ಕೂತು ಕಾದ.

ಕೋದಂಡಪ್ಪ ಬಂದ. ಹೊಸ್ತಿಲು ದಾಟಿದ. ಅಶ್ವತ್ಥಮ್ಮ ಎದ್ದು ಕತ್ತರಿ ತೆಗೆದು ದಾರ ಕತ್ತರಿಸಿ, ರವಿಕೆ ಮಡಿಸಿ ಪೆರುಮಾಳನ ಕೈಗಿತ್ತಳು.

"ಮಾಮಾ," ಎಂದ ಪೆರುಮಾಳ್, ರವಿಕೆ ಕಂಕುಳಿಗೆ ಸಿಗಿಸಿಕೊಂಡು. "ನಿಮ್ಮ ಮಗಳು ಇವತ್ತು ಬೋರ್ಡ್ ಮುಂದೆ ಸತ್ಯಾಗ್ರಹ ಮಾಡಿದ್ಳು."

ಗಂಗರತ್ನ ಕಣ್ಣು ಕೆಕ್ಕರಿಸಿದರೂ ಅವನು ನಿಲ್ಲಿಸಲಿಲ್ಲ. ಕೇಜಿನ ಲೆಕ್ಕ, ಖಾಲಿ ಬಿಟ್ಟ ಭಾಗ, ಮೇಷ್ಟ್ರ ಸಿಟ್ಟು, ಐದು ಮಾರ್ಕು, ಎಲ್ಲ ಹೇಳಿದ. ಮೂರನೆಯ ಭಾಗದಲ್ಲಿ ಏನಿದೆ ಎಂಬಲ್ಲಿಗೆ ಬಂದಾಗ ಮಾತ್ರ ನಾಲಿಗೆ ತಡೆಯಿತು. ಆ ಹೊತ್ತಿಗೆ ಆರುಮುಗಂ ಎರಡನೆಯ ಪಾಳಿಗೆ ಇಳಿದಿದ್ದ. ಪೆರುಮಾಳ್ ಬೆರಳನ್ನು ಮೇಲಿನಿಂದ ಕೆಳಕ್ಕೆ ಜಾರಿಸಿ ತೋರಿಸಿದ.

ಕೋದಂಡಪ್ಪನಿಗೆ ತಿಳಿಯಿತು. ಕಾಲು ತೊಳೆಯಲು ಹಿಡಿದ ಚೊಂಬನ್ನು ಕೆಳಗಿಟ್ಟ. ಮಗಳು ಇಂಜಿನಿಯರ್ ಆಗುತ್ತಾಳೆಂದು ಪಾಳಿಯವರಿಗೆಲ್ಲ ಅವನು ಆಗಲೇ ಹೇಳಿಯಾಗಿತ್ತು.

"ಇದೆಲ್ಲ ನಾನು ನಂಬಲ್ಲ, ಪಾಪಾ," ಎಂದ ಮಗಳಿಗೆ. "ಆದ್ರೆ ನಿಮ್ಮಮ್ಮ ದಾರ ಕತ್ರಿಸವ್ಳೆ ಅಂತ ಗೊತ್ತಾದ್ರೆ ನನ್ ಕಾಲು ಕೇಜಿಗೆ ಏರಲ್ಲ. ಅದೂ ನಿಜವೇ."

ಅಶ್ವತ್ಥಮ್ಮ ಮತ್ತೆ ಅಕ್ಕಿಯ ಮೊರ ಎಳೆದುಕೊಂಡಳು.

"ಪರೀಕ್ಷೆ ದಿನ ನಾನು ಇಳಿಯಲ್ಲ," ಎಂದ ಕೋದಂಡಪ್ಪ. "ರಜಾ ಆಕ್ತೀನಿ. ಇಲ್ಲೇ, ಈ ಮೆಟ್ಲ ಮೇಲೇ ಕೂತಿರ್ತೀನಿ. ನೀನು ಬರ್ದು ಬರೋಗಂಟ ಏಳಲ್ಲ. ಆವತ್ತು ಏನ್ ಬೇಕಾದ್ರೂ ಕತ್ರಿಸ್ಕೋ."

ಗಂಗರತ್ನಳ ಎದೆಯ ಮೇಲಿಂದ ಏನೋ ಎದ್ದುಹೋದಂತಾಯಿತು. ಆ ಒಂದು ಸಾಲು ಅವಳಿಗೆ ಕಣ್ಣೆದುರೇ ಕಂಡಿತು, ಅವಳದೇ ಅಕ್ಷರದಲ್ಲಿ, ಕೆಳಗೆ ಎರಡು ಗೆರೆ ಎಳೆದು. ಇಷ್ಟು ಸುಲಭವಿತ್ತೇ?

ಆಮೇಲೆ ಕೇಳಿದಳು: "ನಿನ್ ಬದ್ಲು ಯಾರು ಇಳೀತಾರೆ?"

"ಯಾರಾದ್ರೂ. ಜಾಗ ಖಾಲಿ ಬಿಡಲ್ವಲ್ಲ."

"ಯಾರು?"

"ಆವತ್ತು ಬೆಳಗಿನ ಪಾಳಿಗೆ ಇಳಿ ಅಂತ ಆರುಮುಗಂಗೆ ಏಳ್ತೀನಿ. ಇಲ್ಲ ಅನ್ನಲ್ಲ ಅವ್ನು."

ಮೆಟ್ಟಿಲ ಕೆಳಗೆ ಹೊರಟಿದ್ದ ಪೆರುಮಾಳ್ ನಿಂತ. ಕಂಕುಳಿನ ರವಿಕೆಯನ್ನು ಕೈಗೆ ತೆಗೆದುಕೊಂಡು, ದಾರ ಕತ್ತರಿಸಿದ ಜಾಗವನ್ನು ಹೆಬ್ಬೆರಳಲ್ಲಿ ಸವರಿದ.

"ಬರ್ಕೊಳ್ಳೇ," ಎಂದ. ನಗಲು ನೋಡಿದ, ಆಗಲಿಲ್ಲ. "ನಮ್ಮಪ್ಪಂಗೇನಾಗಲ್ಲ. ನಾನೂ... ನಾನೂ ಬರೀತೀನಿ ಆವತ್ತು. ಇಬ್ರೂ ಬರೆಯಾಣ."

"ಬರೀತೀಯಾ?"

ಬೀದಿಯ ಕೊನೆಯಲ್ಲಿ ಗಣಿಯ ಎತ್ತರದ ಚಕ್ರ ತಿರುಗುತ್ತಿತ್ತು. ಅದು ಯಾವ ಕಡೆಗೆ ತಿರುಗಿದರೆ ಕೇಜು ಇಳಿಯುತ್ತಿದೆ, ಯಾವ ಕಡೆಗೆ ತಿರುಗಿದರೆ ಏರುತ್ತಿದೆ ಎಂದು ಆ ಬೀದಿಯ ಮಕ್ಕಳಿಗೆಲ್ಲ ಗೊತ್ತಿತ್ತು. ಪೆರುಮಾಳ್ ಅದು ನಿಲ್ಲುವವರೆಗೂ ನೋಡಿದ.

"ಐದು ಮಾರ್ಕು, ಪಾಪಾ," ಎಂದ ಕೋದಂಡಪ್ಪ. ದನಿ ತಗ್ಗಿತ್ತು. "ಒಂದು ದಿನದ ಮಾತು. ನಾಳೇನೇ ಏಳಿಬಿಡ್ತೀನಿ ಅವ್ನಿಗೆ."

"ಅವ್ರಿಗೇನೂ ಏಳ್ಬ್ಯಾಡ," ಎಂದಳು ಗಂಗರತ್ನ. "ನಂಗೆ ನಿನ್ ರಜಾ ಬ್ಯಾಡಪ್ಪ. ನಾನು ಬರಿಯಲ್ಲ."