ಹತ್ತಲ್ಲ

ಬಾಗಿಲು ತೆರೆದೇ ಇತ್ತು. ಒಳಗೆ ಆಗಲೇ ಹತ್ತು ಹನ್ನೆರಡು ಜನ ಇದ್ದುದನ್ನು ಕಂಡು ಡೆಕ್ಲನ್ ಹೊಸ್ತಿಲಲ್ಲೇ ನಿಂತ. ಇವರೆಲ್ಲ ಯಾವಾಗ ಬಂದರು?

“ನಾಲ್ಕನೇ ಮಹಡಿ ಮುದುಕಿ ಹೋಗ್ಬಿಟ್ಳು. ಬೇಗ ಹೋಗಿ ನೋಡ್ಕೊ ಮಾರಾಯ” ಎಂದು ಕಟ್ಟಡ ನೋಡಿಕೊಳ್ಳುವ ಮಿಲೋಶ್ ಫೋನು ಮಾಡಿದ್ದ. ಮಾಲೀಕ ಮನಬಂದಂತೆ ಬಾಡಿಗೆ ಏರಿಸದ ಹಾಗೆ ಕಾನೂನು ಕಾಯುವ ಮನೆ. ಮಲಗುವ ಕೋಣೆ ಒಂದೇ. ಆದರೆ ಅದಕ್ಕೊಂದು ಬಾಗಿಲು. ಮ್ಯಾನ್‌ಹ್ಯಾಟನ್ನಿನ ಈ ಬೀದಿಗಳಲ್ಲಿ ಇಂಥದ್ದು ಖಾಲಿಯಾಗಬೇಕಾದರೆ ಯಾರಾದರೂ ಸಾಯಬೇಕು.

ಕಾಲೇಜಿನಲ್ಲಿ ಲ್ಯಾಟಿನ್ ಕಲಿಸುವ ಡೆಕ್ಲನ್ ಮಲಗುತ್ತಿದ್ದುದು ಅಕ್ಕನ ಮನೆಯ ಸೋಫಾದ ಮೇಲೆ. ಎಂದು ಹೋಗುತ್ತೀಯ ಎಂದು ಅಕ್ಕ ಕೇಳುತ್ತಿರಲಿಲ್ಲ. ಅವನು ಏಳುವ ಮೊದಲೇ ಕಸ ಹೀರುವ ಯಂತ್ರ ಶುರು ಮಾಡುತ್ತಿದ್ದಳು.

ಕಿಟಕಿಯ ಬಳಿ ಒಬ್ಬ ಮುದುಕರು ನಿಂತಿದ್ದರು.

“ನೀವೂ ಇದಕ್ಕೇ ಬಂದ್ರಾ?” ಎಂದ ಡೆಕ್ಲನ್.

“ಇನ್ಯಾತಕ್ಕಪ್ಪ ಬರ್ತಾರೆ?”

“ಬಿಸಿಲು ಚೆನ್ನಾಗಿ ಬೀಳುತ್ತಾ?”

“ಬಿಸಿಲು ಅಂದ್ರೆ ಪ್ರಾಣ ಅವಳಿಗೆ.”

ಡೆಕ್ಲನ್ ಮಲಗುವ ಕೋಣೆಗೆ ಇಣುಕಿದ. ಎರಡು ಕಟ್ಟಡಗಳ ಸಂದಿಯಲ್ಲಿ ಅಂಗೈಯಷ್ಟು ನದಿ ಕಾಣುತ್ತಿತ್ತು. ಬೇಕು ಅನ್ನಿಸಿತು. ಬೇಕೇ ಬೇಕು ಅನ್ನಿಸಿತು.

ಯಾರೋ ಹೆಂಗಸು ಬೇಯಿಸಿದ ಮೊಟ್ಟೆಯಿದ್ದ ತಟ್ಟೆಯನ್ನು ಅವನ ಕೈಗಿತ್ತಳು. “ತಿನ್ನಪ್ಪ, ಸುಮ್ನೆ ನಿಲ್ಬೇಡ.” ಮನೆ ತೋರಿಸುವವರು ಮೊಟ್ಟೆ ಕೊಡುವುದುಂಟೆ ಎಂದು ತಿರುಗಿದರೆ, ಗಿಡ್ಡ ಮಣೆಯ ಮೇಲೆ ಕೂತ ಹೆಂಗಸೊಬ್ಬಳು ಅವನನ್ನೇ ನೋಡುತ್ತಿದ್ದಳು. ಅವಳ ಅಂಗಿಯ ಕೊರಳಪಟ್ಟಿ ಹರಿದಿತ್ತು, ಬೇಕೆಂದೇ ಹರಿದದ್ದು.

“ಅಮ್ಮ ನಿಮಗೆ ಹೇಗೆ ಪರಿಚಯ?”

ಆಗ ಹೊಳೆಯಿತು. ಯೆಹೂದಿಗಳ ಸಾವಿನ ಮನೆ. ಮೊಟ್ಟೆ, ಗಿಡ್ಡ ಮಣೆ, ಹರಿದ ಅಂಗಿ, ಎಲ್ಲ ಅದರ ಗುರುತು. ದುಃಖ ಹಂಚಿಕೊಳ್ಳಲು ಬಂದವರು ಬಾಗಿಲು ತಟ್ಟಿ ಕಾಯಬಾರದೆಂದು ಏಳು ದಿನ ತೆರೆದೇ ಇಡುತ್ತಾರೆ. ಡೆಕ್ಲನ್ ಯೆಹೂದಿಯಲ್ಲ, ಆದರೂ ಈ ಊರಲ್ಲೇ ಹುಟ್ಟಿ ಬೆಳೆದವನಿಗೆ ಗೊತ್ತಿರದ ವಿಷಯವೇನಲ್ಲ.

“ಮೆಟ್ಟಿಲ ಹತ್ರ...” ಎಂದ.

“ಅಯ್ಯೋ, ಚೀಲ ಎತ್ಕೊಡ್ತಿದ್ದೋರು ನೀವೇನಾ? ಅಮ್ಮ ಹೇಳ್ತಾನೇ ಇದ್ಲು!”

ಅವಳು ಅವನ ಕೈ ಹಿಡಿದು ಅತ್ತಳು. ಅಲ್ಲ ಎನ್ನಬೇಕಿತ್ತು. ಆದರೆ ತನ್ನನ್ನು ಕಂಡು ಯಾರಾದರೂ ಇಷ್ಟು ಹಿಗ್ಗಿ ಎಷ್ಟು ಕಾಲವಾಗಿತ್ತೋ. ಕೈ ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ.

ಸಂಜೆಯ ಪ್ರಾರ್ಥನೆಗೆ ಹತ್ತು ಗಂಡಸರು ಬೇಕು, ಹತ್ತೂ ಯೆಹೂದಿಗಳೇ ಆಗಿರಬೇಕು. ಇಲ್ಲದಿದ್ದರೆ ಸತ್ತವಳಿಗಾಗಿ ಹೇಳುವ ಮಂತ್ರವಿಲ್ಲ. ಕಿಟಕಿಯ ಬಳಿಯ ಮುದುಕರು ಬೆರಳು ಮುಂದೆ ಮಾಡಿದರು. ಬದುಕಿರುವವರನ್ನು ಎಣಿಸಿದರೆ ದೃಷ್ಟಿ ತಾಗುತ್ತದೆಂದು ಎಣಿಸದ ಹಾಗೆ ಎಣಿಸಿದರು.

“ಒಂದಲ್ಲ. ಎರಡಲ್ಲ. ಮೂರಲ್ಲ...”

ಬೆರಳು ಕೋಣೆಯನ್ನೆಲ್ಲ ಸುತ್ತಿ ಡೆಕ್ಲನ್‌ನ ಮುಂದೆ ನಿಂತಿತು.

“ಹತ್ತಲ್ಲ” ಎಂದರು ಮುದುಕರು, ಸಮಾಧಾನದಿಂದ.

ಮಗಳು ಅವನ ಕಡೆ ನೋಡಿ ಕಣ್ಣೊರೆಸಿಕೊಂಡಳು. ಡೆಕ್ಲನ್ ಬಾಯಿ ತೆರೆದ. ಅಷ್ಟರಲ್ಲಿ ಯಾರೋ ಅವನ ತಲೆಗೊಂದು ಟೋಪಿ ಇಟ್ಟರು. ಎಲ್ಲರೂ ಪೂರ್ವಕ್ಕೆ ತಿರುಗಿದರು, ಅವನೂ ತಿರುಗಿದ. ಎದುರಿನ ಗೋಡೆಯಲ್ಲಿ ಆಳೆತ್ತರದ ಕನ್ನಡಿ, ಸಾವಿನ ಮನೆಯೆಂದು ಅದಕ್ಕೆ ಬಿಳಿ ಬಟ್ಟೆ ಹೊದಿಸಿದ್ದರು. ಆ ಬಟ್ಟೆಯ ಹಿಂದೆ ತನ್ನ ಮುಖ ಎಲ್ಲಿರಬಹುದೆಂದು ಹುಡುಕುತ್ತ ಅವನು ಎಲ್ಲರ ಜೊತೆ ಬಾಗಿದ.